ಕುದುರೆ ಮೇಲೆ ಕೂತವರ ಅಳತೆ

ನಾನು ಅಂಗಡಿ ಬಿಟ್ಟು ಎರಡು ವರ್ಷವಾಯಿತು. ನನ್ನ ಜಾಗದಲ್ಲಿ ಈಗ ಶಾಂತಿ ಎಂಬ ಹುಡುಗಿ ಕತ್ತರಿ ಹಿಡಿದಿದ್ದಾಳೆ. ಕೈ ಚುರುಕು, ಹೊಲಿಗೆ ನೇರ. ಹೋದ ತಿಂಗಳು ಫೋನ್ ಮಾಡಿ, "ಮಾಸ್ಟರ್, ಒಬ್ಬರು ಡಾಕ್ಟರು ಬಂದಿದಾರೆ. ಐವತ್ತೈದು ವಯಸ್ಸು. ಕುದುರೆ ಶೋಗೆ ಬಟ್ಟೆ ಬೇಕಂತೆ. ಏನು ಹೊಲಿಯಲಿ?" ಎಂದು ಕೇಳಿದಳು. ಅರ್ಧ ಗಂಟೆ ಹೇಳಿದೆ. ಕೊನೆಗೆ ಅವಳು, "ಇದನ್ನೆಲ್ಲ ಒಂದು ಕಡೆ ಬರೆದಿಡಿ ಮಾಸ್ಟರ್, ನೀವು ಹೇಳಿದ್ದರಲ್ಲಿ ಅರ್ಧ ಬಟ್ಟೆ ವಿಷಯ, ಅರ್ಧ ಜಗಳದ ವಿಷಯ, ನನಗೆ ಬೇರೆ ಮಾಡೋಕೆ ಆಗಲಿಲ್ಲ" ಎಂದಳು. ಬರೆಯಲು ಕೂತ ಮೇಲೆ ನನಗೂ ಬೇರೆ ಮಾಡಲು ಆಗುತ್ತಿಲ್ಲ. ಹಾಗೇ ಬರೆಯುತ್ತೇನೆ.

ನನ್ನೂರು ಮಸಿನಗುಡಿ. ಮನೆಮಾತು ಕನ್ನಡ. ಊಟಿಗೆ ಹತ್ತಿದ ಮೇಲೆ ತಮಿಳು, ಬಡಗ, ಅರೆಬರೆ ಇಂಗ್ಲಿಷ್ ಎಲ್ಲ ನಾಲಿಗೆಗೆ ಸೇರಿಕೊಂಡವು. ಇಪ್ಪತ್ತನೇ ವಯಸ್ಸಿನಲ್ಲಿ ಕಲ್ಲಟ್ಟಿ ಘಾಟಿಯ ತಿರುವುಗಳಲ್ಲೆಲ್ಲ ವಾಂತಿ ಮಾಡಿಕೊಂಡು ಊಟಿಯಲ್ಲಿ ಇಳಿದಾಗ ನನಗೆ ಬರುತ್ತಿದ್ದದ್ದು ಶಾಲೆ ಮಕ್ಕಳ ಚಡ್ಡಿ, ಅಂಗಿ ಹೊಲಿಯುವುದಷ್ಟೇ. ಕೆಲಸ ಕೊಟ್ಟವರು ಇಬ್ರಾಹಿಂ ಮಾಸ್ಟರ್. ಕುದುರೆ ಸವಾರರ ಬಟ್ಟೆ ಹೊಲಿಯುವ ಅಂಗಡಿ ಅವರದು. ಸದಾ ತುಟಿಯ ನಡುವೆ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದರು. ಹಾಗಾಗಿ ಮಾತು ಕಡಿಮೆ. ಆಡಿದ್ದರಲ್ಲೂ ಅರ್ಧ ಮಾತ್ರ ನಮಗೆ ತಿಳಿಯುತ್ತಿತ್ತು.

ಅಂಗಡಿಯ ನಡುವೆ ಒಂದು ಮರದ ಕುದುರೆ ಇತ್ತು. ತಲೆಯಿಲ್ಲ, ಬಾಲವಿಲ್ಲ. ನಾಲ್ಕು ಕಾಲಿನ ಮೇಲೊಂದು ಪೀಪಾಯಿ, ಅದರ ಮೇಲೆ ಹಳೆಯ ಜೀನು, ಎರಡು ಕಡೆ ಕಾಲಿಡುವ ರಿಕಾಪು. ಅದು ಯಾಕಿದೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನಾನು ಅದರ ಮೇಲೆ ನನ್ನ ಟವೆಲ್ಲು ಒಣಹಾಕುತ್ತಿದ್ದೆ.

ಮೂರನೇ ತಿಂಗಳಲ್ಲಿ ಮಾಸ್ಟರಿಗೆ ಜ್ವರ ಬಂದು ಒಂದು ವಾರ ಮಲಗಿದರು. ಆಗ ಒಬ್ಬ ಎಸ್ಟೇಟ್ ಮ್ಯಾನೇಜರು ಬ್ರೀಚಸ್ ಬೇಕೆಂದು ಬಂದರು. ಬ್ರೀಚಸ್ ಎಂದರೆ ಸವಾರರು ಹಾಕುವ ಮೈಗಂಟುವ ಪ್ಯಾಂಟು, ಮೀನಖಂಡದ ಹತ್ತಿರ ಮುಗಿದು ಉದ್ದ ಬೂಟಿನೊಳಗೆ ಸೇರಿಕೊಳ್ಳುತ್ತದೆ. ನಾನು ಅವರನ್ನು ಕನ್ನಡಿ ಮುಂದೆ ನೆಟ್ಟಗೆ ನಿಲ್ಲಿಸಿ ಅಳತೆ ತೆಗೆದೆ. ನಾಲ್ಕು ದಿನದಲ್ಲಿ ಹೊಲಿದೆ. ಹಾಕಿ ನೋಡಿದರು, ಒಂದು ಸುಕ್ಕಿಲ್ಲ. ಐದು ನಿಮಿಷ ಕನ್ನಡಿ ಬಿಟ್ಟು ಕದಲಲಿಲ್ಲ. "ಮುದುಕನಿಗಿಂತ ನಿನ್ನ ಕೈ ವಾಸಿ" ಎಂದು ನನ್ನ ಬೆನ್ನು ತಟ್ಟಿ ಹೋದರು.

ಮಾರನೇ ದಿನ ಬೆಳಿಗ್ಗೆ ಅವರು ಎಡಗಾಲು ರಿಕಾಪಿಗೆ ಎತ್ತಿದರಂತೆ. ಮಂಡಿ ಬಾಗಲಿಲ್ಲ. ಕುದುರೆ ನೋಡಿಕೊಳ್ಳುವವನು ಹಿಂದಿನಿಂದ ಎತ್ತಿ ತಳ್ಳಿದ. ಹೊಟ್ಟೆ ಜೀನಿನ ಮೇಲೆ ಅಡ್ಡಬಿತ್ತು, ಬಲಗಾಲು ಆಚೆಗೆ ಹೋಗಲಿಲ್ಲ. ಕುದುರೆ ಏನು ಮಾಡಬೇಕೋ ತಿಳಿಯದೆ ಬೇಲಿ ಹತ್ತಿರ ಹೋಗಿ ಹುಲ್ಲು ಮೇಯತೊಡಗಿತು. ಎಲೆ ಕೀಳಲು ಹೊರಟಿದ್ದ ಹೆಂಗಸರೆಲ್ಲ ನಿಂತು ನೋಡುವಷ್ಟು ಹೊತ್ತು ಮ್ಯಾನೇಜರು ಹಾಗೇ ನೇತಾಡಿಕೊಂಡಿದ್ದರು.

ಮಾಸ್ಟರ್ ಜ್ವರ ಬಿಟ್ಟು ಬಂದರು. ಮ್ಯಾನೇಜರು ವಾಪಸ್ ಕಳಿಸಿದ ಬ್ರೀಚಸ್ ಮೇಜಿನ ಮೇಲಿತ್ತು. ಬಾಯಿಂದ ಪಿನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದರು. ಅಷ್ಟು ಖಾಲಿ ಬಾಯಿ ನಾನು ನೋಡಿದ್ದು ಅದೇ ಮೊದಲು. "ಹಾಕ್ಕೋ" ಎಂದರು. ಹಾಕಿಕೊಂಡೆ. "ಹತ್ತು" ಎಂದು ಮರದ ಕುದುರೆ ತೋರಿಸಿದರು. ಸ್ಟೂಲಿನ ಮೇಲಿಂದ ಹೇಗೋ ಹತ್ತಿದೆ. ಬೆಳಿಗ್ಗೆಯಿಂದ ಅಂಗಡಿ ಮುಚ್ಚುವವರೆಗೆ ನನ್ನನ್ನು ಅಲ್ಲೇ ಕೂರಿಸಿದರು. ಗಂಟೆಗೊಮ್ಮೆ, "ಎಲ್ಲಿ ಕಚ್ತಿದೆ?" ಎಂದು ಕೇಳುವರು. "ಮಂಡಿ ಹಿಂದೆ, ಮಾಸ್ಟರ್." "ಬರ್ಕೋ." ಮತ್ತೊಂದು ಗಂಟೆಗೆ, "ಇನ್ನೆಲ್ಲಿ?" "ತೊಡೆ ಒಳಗೆ, ಹೊಲಿಗೆ ಇರೋ ಕಡೆ." "ಬರ್ಕೋ." ಗಿರಾಕಿಗಳು ಬಂದರೂ ಇಳಿಸಲಿಲ್ಲ. ನಾನು ಅವರಿಗೆ ಮೇಲಿಂದಲೇ ನಮಸ್ಕಾರ ಮಾಡಿದೆ.

ಶಾಂತಿ, ಆ ದಿನ ನಾನು ಬರೆದುಕೊಂಡದ್ದೇ ಈ ಕೆಲಸದ ಮುಕ್ಕಾಲು ಪಾಲು. ಸವಾರನ ಬಟ್ಟೆ ನಿಂತವನಿಗಲ್ಲ, ಕೂತವನಿಗೆ. ಬ್ರೀಚಸ್ಸಿನ ಹೊಲಿಗೆ ಜೀನಿಗೆ ಉಜ್ಜುವ ಕಡೆ ಬರಬಾರದು. ನಿಂತಾಗ ಮಂಡಿಯ ಹತ್ತಿರ ಸ್ವಲ್ಪ ಬಟ್ಟೆ ಹೆಚ್ಚಾದಂತೆ ಕಂಡರೆ ಸರಿ, ಕನ್ನಡಿ ಮುಂದೆ ಗಿರಾಕಿ ಮುಖ ಹುಳ್ಳಗೆ ಮಾಡಿದರೂ ಬಿಡಬೇಡ. ಕೋಟಿನ ತೋಳು, ಕೈ ಮುಂದೆ ಚಾಚಿ ಲಗಾಮು ಹಿಡಿದಾಗ ಮಣಿಕಟ್ಟಿಗೆ ಬರಬೇಕು. ಹಿಂದಿನ ಸೀಳು ಜೀನಿನ ಎರಡು ಕಡೆ ಸಮನಾಗಿ ಬೀಳಬೇಕು.

ದೊಡ್ಡವರು ಶೋ ರಿಂಗಿಗೆ ಇಳಿಯುವಾಗ ಏನೇನು ಹಾಕಬೇಕು ಎಂಬುದು ಕೂನೂರಿನ ಒಬ್ಬ ಹಲ್ಲಿನ ಡಾಕ್ಟರಿಂದ ನನಗೆ ಗಟ್ಟಿಯಾಯಿತು. ನಲವತ್ತೈದು ದಾಟಿದ ಮನುಷ್ಯ. ಮಗಳ ಜೊತೆಗೆ ತಾನೂ ಸವಾರಿ ಕಲಿತರು. ಶೋ ಹತ್ತಿರ ಬಂದಾಗ ನಮ್ಮ ಹತ್ತಿರ ಬರದೆ, ಮಗಳು ಹಾಕುವುದನ್ನೇ ಫೋನಿನಲ್ಲಿ ದೊಡ್ಡ ಸೈಜಿನಲ್ಲಿ ತರಿಸಿಕೊಂಡರು. ಕಂದು ಬಣ್ಣದ ಗಿಡ್ಡ ಬೂಟು, ಪಾದದವರೆಗೆ ಬರುವ ಪ್ಯಾಂಟು, ಮಂಡಿ ಕೆಳಗೆ ಪುಟ್ಟ ಚರ್ಮದ ಪಟ್ಟಿ. ಇವೆಲ್ಲ ಚಿಕ್ಕ ಮಕ್ಕಳ ಉಡುಪು. ದೊಡ್ಡವರಿಗೆ ಮಂಡಿವರೆಗಿನ ಕಪ್ಪು ಬೂಟು, ಕೆನೆ ಬಣ್ಣದ ಬ್ರೀಚಸ್, ಕಡುನೀಲಿ ಅಥವಾ ಕಪ್ಪು ಕೋಟು, ಬಿಳಿ ಅಂಗಿ, ಕೊರಳಿಗೆ ಬಿಳಿ ಪಟ್ಟಿ, ಕೈಗೆ ಗ್ಲೌಸು, ಗದ್ದದ ಕೆಳಗೆ ಕಟ್ಟುವ ಹೆಲ್ಮೆಟ್ಟು. ಕೂದಲು ಉದ್ದವಿದ್ದರೆ ಜಾಲರಿಯೊಳಗೆ. ಜೋಲಾಡುವ ಒಡವೆ ಬೇಡ. ಡಾಕ್ಟರು ಆ ವೇಷದಲ್ಲಿ ದೊಡ್ಡವರ ಸಾಲಿನಲ್ಲಿ ನಿಂತಾಗ ಜಡ್ಜು ಹತ್ತಿರ ಬಂದು, ತಲೆಯಿಂದ ಕಾಲಿನವರೆಗೆ ನೋಡಿ, ಬಹಳ ಮರ್ಯಾದೆಯಿಂದ, "ನಿಮ್ಮ ತಂದೆಯವರು ಜೊತೆಗೆ ಬಂದಿದಾರಾ?" ಎಂದು ಕೇಳಿದರು.

ಆ ಜಡ್ಜು ಮೇಜರ್ ಸಾಹೇಬರು. ಸೈನ್ಯ ಬಿಟ್ಟು ಊಟಿಯಲ್ಲಿ ನೆಲೆಸಿದವರು. ಪ್ರತಿ ಶೋನಲ್ಲೂ ಅವರೇ ಜಡ್ಜು. ಜಡ್ಜಿಗೆ ಸವಾರಿ ಉಡುಪು ಬೇಕಿಲ್ಲ, ಆದರೂ ಅವರು ಬೂಟು ಬ್ರೀಚಸ್ಸಿನಲ್ಲೇ ಬರುತ್ತಿದ್ದರು. ಒಂದು ಗುಂಡಿ ಬಿಚ್ಚಿದ್ದರೆ, ಕೊರಳಪಟ್ಟಿ ವಾರೆಯಾಗಿದ್ದರೆ ಸವಾರರನ್ನು ಬಾಗಿಲಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು. ಹಾಗೆ ಬಂದವರನ್ನು ರಿಪೇರಿ ಮಾಡುವುದಕ್ಕೆ ಶೋ ದಿನ ನನ್ನನ್ನು ರಿಂಗಿನ ಬಾಗಿಲಲ್ಲಿ ಸೂಜಿದಾರದ ಚೀಲದ ಜೊತೆ ಕೂರಿಸುತ್ತಿದ್ದರು.

ಮೇಜರರು ನಮ್ಮ ಗಿರಾಕಿಯೂ ಹೌದು. ಅವರ ಸೊಂಟ ಮೂವತ್ತನಾಲ್ಕು ಎಂದು ನಮ್ಮ ಪುಸ್ತಕದಲ್ಲಿತ್ತು. ಟೇಪು ಹತ್ತಿರ ಬಿಡುತ್ತಿರಲಿಲ್ಲ. "ಪುಸ್ತಕದಲ್ಲಿದೆಯಲ್ಲ, ನೋಡ್ಕೋ" ಎನ್ನುತ್ತಿದ್ದರು. ಇಬ್ರಾಹಿಂ ಮಾಸ್ಟರ್ ಅವರು ಬಾಗಿಲಿಂದ ಒಳಗೆ ಬರುವುದನ್ನು, ಕುರ್ಚಿಯಲ್ಲಿ ಕೂರುವುದನ್ನು ಕಣ್ಣಲ್ಲೇ ಅಳೆದು, ಪ್ರತಿ ಸಲ ಅರ್ಧ ಇಂಚು, ಕಾಲಿಂಚು ಸೇರಿಸಿ ಕತ್ತರಿಸುತ್ತಿದ್ದರು. ಪುಸ್ತಕದ ಮೂವತ್ತನಾಲ್ಕನ್ನು ಮುಟ್ಟುತ್ತಿರಲಿಲ್ಲ. "ನಂಜುಂಡ, ನಂಬರು ನಮಗೆ. ಬಟ್ಟೆ ಅವರಿಗೆ" ಎಂದು ನನಗೆ ಹೇಳಿದ್ದರು. ಮಾಸ್ಟರ್ ಕೆಲಸ ಬಿಟ್ಟು ಗೂಡಲೂರಿನ ಮಗಳ ಮನೆಗೆ ಹೋದ ಮೇಲೂ ನಾನು ಹಾಗೇ ನಡೆಸಿಕೊಂಡು ಬಂದೆ.

ಮೇಜರರ ಜೊತೆ ಕೆಟ್ಟದ್ದು ಹೊಸ ಪದ್ಧತಿ ಬಂದಾಗ. ಮಾಸ್ಟರ ಮಗ ಸಲೀಂ ಅಂಗಡಿ ನೋಡಿಕೊಳ್ಳತೊಡಗಿದ. ಹಿಗ್ಗುವ ಬಟ್ಟೆ ಬಂತು, ಕೊಯಮತ್ತೂರಿನಲ್ಲಿ ಮೆಷಿನ್ನೇ ಕತ್ತರಿಸಿ ಕಳಿಸುವುದು ಬಂತು. ಅದಕ್ಕೆ ಫೋನಿನಲ್ಲಿ ಸರಿಯಾದ ಅಳತೆಯ ಫಾರಂ ತುಂಬಬೇಕು. ಮೇಜರರನ್ನು ಬಾಗಿಲಿನಲ್ಲಿ ಕಂಡು ಅಂದಾಜು ಮಾಡಲು ಮೆಷಿನ್ನಿಗೆ ಕಣ್ಣಿಲ್ಲ. ನಾನು ಧೈರ್ಯ ಮಾಡಿ ಅವರ ಸೊಂಟಕ್ಕೆ ಟೇಪು ಸುತ್ತಿದೆ. ಸುತ್ತಿದ್ದು ತಪ್ಪಲ್ಲ. "ಮೂವತ್ತೇಳು, ಸರ್" ಎಂದು ಗಟ್ಟಿಯಾಗಿ ಓದಿದ್ದು ತಪ್ಪು. ಅಂಗಡಿಯಲ್ಲಿ ಇನ್ನೂ ಇಬ್ಬರು ಗಿರಾಕಿಗಳಿದ್ದರು.

ಮೇಜರರು ಗ್ಲೌಸು ಹಾಕಿಕೊಂಡರು. "ನಿನ್ನ ಟೇಪು ಹಳೇದಾಗಿದೆ" ಎಂದು ಹೇಳಿ ಹೋದರು. ಆಮೇಲೆ ಒಂದು ವರ್ಷ ಅಂಗಡಿ ಕಡೆ ಬರಲಿಲ್ಲ. ಕೂನೂರಿನಲ್ಲಿ ಬೇರೆ ಟೈಲರ್ ಹತ್ತಿರ ಹೋಗಿ ಮೂವತ್ತೈದು ಎಂದು ಬರೆಸಿದರಂತೆ. ಒಂದಿಂಚು ಒಪ್ಪಿಕೊಂಡದ್ದೇ ದೊಡ್ಡದು. ಆ ಟೈಲರು ಹೇಳಿದ್ದನ್ನು ಹೇಳಿದ ಹಾಗೇ ಹೊಲಿಯುವವನು.

ಆ ವರ್ಷವೇ ಗೌರಿ ನಮ್ಮ ಅಂಗಡಿಗೆ ಬಂದದ್ದು. ಮಂಜೂರಿನ ಕಡೆ ಹಟ್ಟಿಯವರು, ಬಡಗರು, ಸ್ವಲ್ಪ ಟೀ ತೋಟವಿದೆ. ಐವತ್ತು ವಯಸ್ಸು. ಪ್ರವಾಸಿಗರನ್ನು ಕೂರಿಸಿಕೊಂಡು ಸುತ್ತುತ್ತಿದ್ದ ಒಂದು ಮುದಿ ಕುದುರೆಯನ್ನು ಯಾರೋ ಕೈಬಿಟ್ಟಿದ್ದರು. ಅದು ದಿನಾ ಇವರ ತರಕಾರಿ ಪಾತಿಗೆ ನುಗ್ಗುತ್ತಿತ್ತು. ಆರು ತಿಂಗಳು ಓಡಿಸಿ ಸಾಕಾಗಿ, ಕೊನೆಗೆ ಕಟ್ಟಿಹಾಕಿ ಸಾಕಿದರು. ಮಂತ್ರಿ ಎಂದು ಹೆಸರಿಟ್ಟರು. ಸಾಕಿದ ಮೇಲೆ ಹತ್ತಿ ನೋಡುವ ಆಸೆಯಾಯಿತು. ಹತ್ತಿದ ಮೇಲೆ ಶೋಗೆ ಹೋಗುವ ಆಸೆಯಾಯಿತು. ಗಂಡ ಈ ವಿಷಯದಲ್ಲಿ ಅಭಿಪ್ರಾಯ ಇಟ್ಟುಕೊಂಡಿರಲಿಲ್ಲ. ಅಭಿಪ್ರಾಯ ಇದ್ದದ್ದು ಅತ್ತೆಗೆ.

ಅತ್ತೆ ಬೆಳ್ಳಿಯಮ್ಮ ಎಂಬತ್ತರ ಹತ್ತಿರದವರು. ಮೈಗೆ ಸುತ್ತಿದ ಬಿಳಿ ಮುಂಡು, ತಲೆಗೆ ಬಿಳಿ ವಸ್ತ್ರ, ಕೈಯಲ್ಲಿ ಕಪ್ಪು ಕೊಡೆ. ಬಡಗರು ಅಜ್ಜಿಯನ್ನು ಹೆತ್ತೆ ಎನ್ನುತ್ತಾರೆ, ನಾನೂ ಹಾಗೇ ಕರೆದೆ. ಅವರ ಬಡಗ ಮಾತನ್ನು ಇಲ್ಲಿ ನನ್ನ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ. ನಾನು ಬ್ರೀಚಸ್ ಹಿಡಿದು ತೋರಿಸಿದೆ. ಹೆತ್ತೆ ಮುಟ್ಟಿ ನೋಡಿದರು.

"ಒಳಗೆ ಹಾಕೋಕೆ ಚೆನ್ನಾಗಿದೆ. ಬೆಚ್ಚಗಿರುತ್ತೆ. ಮೇಲೆ ಏನು ಹಾಕ್ತಾಳೆ?"

"ಇದೇ ಮೇಲಿಂದು, ಹೆತ್ತೆ."

ಹೆತ್ತೆ ಸೊಸೆಯ ಕಡೆ ತಿರುಗಿದರು. "ಇವನು ಅರ್ಧ ಹೊಲಿದು ತೋರಿಸ್ತಿದಾನೆ. ಪೂರ್ತಿ ಆದ ಮೇಲೆ ಬರೋಣ."

"ಮಾಮಿ, ಎಲ್ಲರೂ ಇದನ್ನೇ ಹಾಕೋದು" ಎಂದರು ಗೌರಿ. "ಇದು ಇಲ್ಲದೆ ರಿಂಗಿಗೆ ಬಿಡಲ್ಲ."

ಹೆತ್ತೆ ಕೊಡೆಯನ್ನು ನೆಲಕ್ಕೆ ಕುಟ್ಟಿದರು. ಆಮೇಲೆ ತೀರ್ಪು ಕೊಟ್ಟರು: ಬ್ರೀಚಸ್ ಹಾಕಲಿ, ಆದರೆ ಕೋಟು ಮಂಡಿಯವರೆಗೆ ಬರಬೇಕು. ಇಲ್ಲವಾದರೆ ಶೋ ಇಲ್ಲ. ಗೌರಿ ನನ್ನ ಮುಖ ನೋಡಿದರು. ನಾನು ಮಂಡಿಯಿಂದ ನಾಲ್ಕು ಬೆರಳು ಮೇಲಕ್ಕೆ ಒಪ್ಪಿಸಿದೆ.

ಕೋಟಿಗೆ ಕಚ್ಚಾ ಹೊಲಿಗೆ ಹಾಕಿ ತೊಡಿಸಿ ನೋಡುವ ದಿನ ಹೆತ್ತೆ ಮತ್ತೆ ಬಂದರು. ಸೊಸೆ ಮರದ ಕುದುರೆ ಹತ್ತಿ ತೋರಿಸಿದರೂ ಅವರಿಗೆ ನಂಬಿಕೆ ಬರಲಿಲ್ಲ. "ಇವಳು ಉಸಿರು ಬಿಗಿಹಿಡಿದು ಕೂತಿದಾಳೆ. ಕೊಡಿಲ್ಲಿ" ಎಂದು ಕೋಟನ್ನು ತಾವೇ ಮುಂಡಿನ ಮೇಲೆ ಹಾಕಿಕೊಂಡರು. ಸಲೀಂ ಒಂದು ಕಡೆ, ನಾನು ಒಂದು ಕಡೆ ಹಿಡಿದು ಹತ್ತಿಸಿದೆವು. ಎರಡು ಕಾಲನ್ನೂ ಒಂದೇ ಕಡೆ ಇಳಿಬಿಟ್ಟು, ಕೊಡೆಯನ್ನು ಲಗಾಮಿನ ಹಾಗೆ ಮುಂದೆ ಹಿಡಿದು ಕೂತರು.

"ಹಿಂದೆ ಹೋಗಿ ನೋಡಪ್ಪ. ಏನು ಕಾಣುತ್ತೆ?"

"ಕೋಟು ಕಾಣುತ್ತೆ, ಹೆತ್ತೆ."

"ಇನ್ನೇನು?"

"ಇನ್ನೇನೂ ಕಾಣಲ್ಲ."

"ಆಗಲಿ. ಇಳಿಸಿ."

ಈಗ ನನ್ನ ತಪ್ಪು ಹೇಳಬೇಕು. ಶೋನ ನಿಯಮದ ಪ್ರಕಾರ ಕೈ ಇಳಿಬಿಟ್ಟರೆ ಬೆರಳ ತುದಿ ಎಲ್ಲಿ ಬರುತ್ತದೋ ಅಲ್ಲಿಗೆ ಕೋಟು ಮುಗಿಯಬೇಕು. ಇದು ಮೂರು ಇಂಚು ಉದ್ದ. ನನಗೆ ಗೊತ್ತಿತ್ತು. ಗೌರಿಗೆ ಹೇಳಿದರೆ ಅತ್ತೆಗೂ ಸೊಸೆಗೂ ಜಗಳವಾಗುತ್ತದೆ, ಕುದುರೆ ಮೇಲೆ ಕೂತ ಮೇಲೆ ಯಾರಿಗೆ ಕಾಣುತ್ತದೆ ಎಂದು ಸುಮ್ಮನಾದೆ. ಗಿರಾಕಿಯ ಹತ್ತಿರ ಸೊಂಟದ ನಂಬರು ಮುಚ್ಚಿಡಬಹುದು, ನಿಯಮ ಮುಚ್ಚಿಡಬಾರದು. ಹೆಣ್ಣುಮಗಳು ಒಂದು ವರ್ಷ ಬೆಳಿಗ್ಗೆ ಎಲೆ ಕೊಯ್ದು, ಮಧ್ಯಾಹ್ನ ಸವಾರಿ ಮಾಡಿ ತಯಾರಾಗಿದ್ದಳು. ನನ್ನ ಸುಮ್ಮನಿರುವಿಕೆಯಿಂದ ಅದೆಲ್ಲ ಬಾಗಿಲಲ್ಲೇ ಮುಗಿದುಹೋಗಬಹುದಿತ್ತು.

ಶೋ ದಿನ ದೊಡ್ಡವರಲ್ಲಿ ಹೊಸಬರಾದವರ ಸುತ್ತಿನಲ್ಲಿ ಏಳು ಜನ. ಆ ಸಲ ಮೇಜರರು ಕುದುರೆ ಹತ್ತುವ ಮೊದಲೇ ಎಲ್ಲರನ್ನೂ ಬೇಲಿಗೆ ಮುಖ ಮಾಡಿ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಿದರು. ನನ್ನನ್ನು ನೋಡಿಯೂ ನೋಡದ ಹಾಗೆ ಮುಂದೆ ಹೋದರು. ಹೊಸ ಬ್ರೀಚಸ್ಸಿನಲ್ಲಿ ನಡೆಯುವಾಗ ಚಿಕ್ಕ ಚಿಕ್ಕ ಹೆಜ್ಜೆ ಇಡುತ್ತಿದ್ದರು. ಅವರ ಕೋಟೂ ಹೊಸದು, ಗಿಡ್ಡ, ಹುಡುಗರು ಹಾಕುವಂಥದ್ದು. ನನ್ನ ಕಣ್ಣು ಅಭ್ಯಾಸದಿಂದ ಹಿಂದಿನ ಹೊಲಿಗೆಗೆ ಹೋಯಿತು. ದಾರ ಒಂದೊಂದಾಗಿ ಎಣಿಸುವ ಹಾಗೆ ಬಿಗಿದುಕೊಂಡಿತ್ತು.

ಗೌರಿಯ ಮುಂದೆ ನಿಂತರು. ಹೆಲ್ಮೆಟ್ಟು ನೋಡಿದರು, ಸರಿ. ಕೊರಳಪಟ್ಟಿ, ಗ್ಲೌಸು, ಬೂಟು, ಸರಿ. ಕೋಟಿನ ಹತ್ತಿರ ಕಣ್ಣು ನಿಂತಿತು.

"ಇದೇನು, ಮಳೆಕೋಟಾ?"

"ಅಲ್ಲ ಸರ್, ರೈಡಿಂಗ್ ಕೋಟು."

"ಉದ್ದ ಇದೆ. ಕೈ ಇಳಿಬಿಡಿ."

ಗೌರಿ ಕೈ ಇಳಿಬಿಟ್ಟರು. ಬೆರಳ ತುದಿಯಿಂದ ಕೆಳಗೆ ಮೂರು ಇಂಚು ಕೋಟು. ಮೇಜರರು ಬಗಲಿನಿಂದ ಬೆತ್ತ ತೆಗೆದರು. ಅಂಚು ಎಲ್ಲಿಗೆ ಬರುತ್ತದೆ ಎಂದು ಅಳೆಯಲು ಗೌರಿಯ ಮಂಡಿಯ ಮಟ್ಟಕ್ಕೆ ಕುಕ್ಕರುಗಾಲಲ್ಲಿ ಕೂತರು.

ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಹಳೆಯ ಬೆಡ್‌ಶೀಟು ಹರಿಯುವಾಗ ಬರುವ ಸದ್ದು. ಹಿಂದಿನ ಹೊಲಿಗೆ ಸೊಂಟದಿಂದ ಶುರುವಾಗಿ ತೊಡೆಯ ಅರ್ಧದವರೆಗೆ ಹೋಯಿತು. ಮೇಜರರು ಏಳಲಿಲ್ಲ. ಕೂತಲ್ಲೇ ಗೌರಿಯ ಮಂಡಿಯನ್ನು ಬಹಳ ಗಮನವಿಟ್ಟು ನೋಡುತ್ತ ಉಳಿದರು. ಹಿಂದೆ ಬೇಲಿ, ಬೇಲಿಯ ಆಚೆ ನಾನು, ನನ್ನ ಪಕ್ಕದಲ್ಲಿ ಹೆತ್ತೆ. ಬೇರೆ ಯಾರಿಗೂ ಕಂಡಿರಲಿಲ್ಲ. ಸವಾರರೆಲ್ಲ ಎದುರಿಗಿದ್ದರು.

ಹೆತ್ತೆ ನಿಧಾನವಾಗಿ ಹೇಳಿದರು: "ಕೋಟು ಉದ್ದ ಇದ್ದಿದ್ರೆ ಕಾಣ್ತಿರಲಿಲ್ಲ."

ಮೇಜರರಿಗೆ ಬಡಗ ಬರುತ್ತಿರಲಿಲ್ಲ. ಆದರೂ ಅವರ ಕಿವಿ ಕೆಂಪಾಯಿತು. ಗೌರಿ ಮೇಲಿಂದ ಮೆತ್ತಗೆ, "ಸರ್, ಹಾಗೇ ಹಿಂದಕ್ಕೆ ಎರಡು ಹೆಜ್ಜೆ ಬನ್ನಿ. ಹಿಂದೆ ಮಾಸ್ಟರ್ ಇದಾರೆ" ಎಂದರು. ಮೇಜರರು ಎದ್ದು, ಮುಖ ರಿಂಗಿನ ಕಡೆಗೇ ಇಟ್ಟುಕೊಂಡು, ಹಿಂಬದಿಯಾಗಿ ಬಂದು ಬೇಲಿಗೆ ಒರಗಿ ನಿಂತರು.

"ನಂಜುಂಡ, ಎಷ್ಟು ಹೋಗಿದೆ?" ಎಂದು ತುಟಿ ಅಲ್ಲಾಡಿಸದೆ ಕೇಳಿದರು.

"ಒಂದು ಗೇಣಿನ ಮೇಲೆ, ಸರ್."

"ಹೊಲಿ."

ನಾನು ಬೇಲಿಯ ಆಚೆ ನೆಲದ ಮೇಲೆ ಕೂತೆ. ಎರಡು ಹಲಗೆಗಳ ನಡುವಿನ ಸಂದಿಯಲ್ಲಿ ಕೈ ತೂರಿಸಿ ಸೂಜಿ ಹಾಕಿದೆ. ಹೆತ್ತೆ ಯಾರೂ ಹೇಳದೆಯೇ ಕೊಡೆ ಬಿಚ್ಚಿ ನನಗೂ ಜನರಿಗೂ ನಡುವೆ ಅಡ್ಡ ಹಿಡಿದರು. ಏಳು ಸವಾರರೂ ಕಾಯುತ್ತಿದ್ದರು. ಗೌರಿ ಹೋಗಲೋ ಬೇಡವೋ ಎಂದು ಅಲ್ಲೇ ನಿಂತಿದ್ದರು.

"ಸರ್, ನನ್ನ ಕೋಟು?"

ಮೇಜರರು ಕೆಮ್ಮಿದರು. "ಉದ್ದ ಜಡ್ಜಿನ ವಿವೇಚನೆಗೆ ಬಿಟ್ಟದ್ದು. ಹತ್ತಿ."

ಸುತ್ತು ಶುರುವಾಯಿತು. ಮೇಜರರು ಬೇಲಿಗೆ ಅಂಟಿಕೊಂಡೇ ಮೈಕು ಹಿಡಿದು, "ನಡೆಸಿ, ಈಗ ಓಡಿಸಿ, ದಿಕ್ಕು ಬದಲಿಸಿ" ಎಂದು ಕೂಗುತ್ತಿದ್ದರು. ಕೂಗುವಾಗ ಮೈ ಅಲ್ಲಾಡಿ ಸೂಜಿ ಅಡ್ಡ ಹೋಗುತ್ತಿತ್ತು. ಎರಡು ಸಲ ಅವರಿಗೆ ಚುಚ್ಚಿತು. ಒಂದು ಸಲ "ಓಡಿಸಿ" ಎನ್ನುವುದು ಬೇಕಾದ್ದಕ್ಕಿಂತ ಗಟ್ಟಿಯಾಗಿ ಬಂತು, ಎಲ್ಲ ಕುದುರೆಗಳೂ ಜಿಗಿದವು.

ಗೌರಿ ಚೆನ್ನಾಗಿಯೇ ನಡೆಸುತ್ತಿದ್ದರು. ಬೆನ್ನು ನೆಟ್ಟಗೆ, ಕೈ ತಗ್ಗಿ. ಕೋಟು ಮಂತ್ರಿಯ ಎರಡು ಪಕ್ಕೆಗೂ ಸಮನಾಗಿ ಬಿದ್ದಿತ್ತು. ಆದರೆ ಜನರ ಹತ್ತಿರ ಬರುತ್ತಲೇ ಮಂತ್ರಿ ಗಕ್ಕನೆ ನಿಂತುಬಿಟ್ಟ. ಯಾರೋ ಫೋಟೊ ತೆಗೆಯಲು ಫೋನ್ ಎತ್ತಿದ್ದರು. ವರ್ಷಗಟ್ಟಲೆ ಪ್ರವಾಸಿಗರನ್ನು ಹೊತ್ತ ಕುದುರೆ. ಫೋನ್ ಮೇಲೆದ್ದರೆ ನಿಂತು ಕತ್ತು ಆ ಕಡೆ ತಿರುಗಿಸುವುದು ಅದರ ಕೆಲಸ. ಗೌರಿ ಹಿಮ್ಮಡಿ ಒತ್ತಿದರು. ಮಂತ್ರಿ ಇನ್ನೂ ಚೆನ್ನಾಗಿ ನಿಂತ. ಇದನ್ನು ಕಂಡು ಇನ್ನೂ ಹತ್ತು ಜನ ಫೋನ್ ಎತ್ತಿದರು. ಮಿಕ್ಕ ಆರು ಕುದುರೆಗಳು ಪಕ್ಕದಿಂದ ಓಡಿಹೋದವು. ಗೌರಿಯ ಮುಖ ಕೆಂಪಾಗಿ, ಕಣ್ಣು ತುಂಬಿತ್ತು.

ಮೇಜರರು ಮೈಕು ಬಾಯಿಗೆ ಹಿಡಿದರು. "ಎಲ್ಲರೂ ಫೋನ್ ಕೆಳಗಿಳಿಸಿ" ಎಂದರು. ಯಾರೂ ಇಳಿಸಲಿಲ್ಲ. "ಇಳಿಸದಿದ್ದರೆ ನಾನೇ ಅಲ್ಲಿಗೆ ಬರ್ತೀನಿ" ಎಂದು ಒಂದು ಹೆಜ್ಜೆ ಮುಂದಿಟ್ಟರು. ದಾರ ನನ್ನ ಕೈಯಲ್ಲಿತ್ತು, ಎಳೆದು ಹಿಡಿದೆ. ಅವರು ನಿಂತರು. ಆದರೆ ಆ ಒಂದು ಹೆಜ್ಜೆ ಸಾಕಾಯಿತು, ಫೋನುಗಳೆಲ್ಲ ಕೆಳಗಿಳಿದವು.

ಮಂತ್ರಿ ಅತ್ತಿತ್ತ ನೋಡಿದ. ಯಾರೂ ಫೋಟೊ ತೆಗೆಯುತ್ತಿಲ್ಲ. ಒಂದು ನಿಟ್ಟುಸಿರು ಬಿಟ್ಟು ಹೆಜ್ಜೆ ಹಾಕಿದ, ಆಮೇಲೆ ಓಡಿದ, ಆಮೇಲೆ ಗೌರಿ ಏನು ಹೇಳಿದರೋ, ನಾವ್ಯಾರೂ ಎಣಿಸದಷ್ಟು ಹಗುರವಾಗಿ ದೌಡಾಯಿಸಿದ. ಒಂದು ಸುತ್ತು, ಇನ್ನೊಂದು ಸುತ್ತು. ಮುಂದಿನವರನ್ನು ಹಿಡಿದ. ನಾನು ಸೂಜಿ ಹಿಡಿದ ಕೈ ಹಾಗೇ ಬಿಟ್ಟು ಹಲಗೆಯ ಸಂದಿಯಿಂದ ನೋಡುತ್ತಿದ್ದೆ. ಪಕ್ಕಕ್ಕೆ ತಿರುಗಿದರೆ ಹೆತ್ತೆಯ ಕೊಡೆ ನೆಲದ ಮೇಲಿತ್ತು. ಅವರು ಎರಡು ಕೈಯಲ್ಲೂ ಬೇಲಿ ಹಿಡಿದು, ಹಿಮ್ಮಡಿ ಎತ್ತಿ ನಿಂತಿದ್ದರು. ನಮ್ಮ ಮರೆ ಹೋಗಿತ್ತು. ಯಾರೂ ನಮ್ಮನ್ನು ನೋಡುತ್ತಿರಲಿಲ್ಲ.

ಗೌರಿಗೆ ನಾಲ್ಕನೇ ಸ್ಥಾನ ಬಂತು. ಹೊಲಿಗೆ ಮುಗಿಸಿಕೊಂಡ ಮೇಜರರು ರಿಬ್ಬನ್ನು ಕೊಟ್ಟು ಹಿಂದಿರುಗುವಾಗ ಹೆತ್ತೆ ದಾರಿಗೆ ಅಡ್ಡ ಬಂದರು.

"ನನ್ನ ಸೊಸೆಗೆ ಯಾಕೆ ನಾಲ್ಕು? ಕೋಟಿಗಾ?"

ನಾನು ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಮೇಜರರು ಟೋಪಿ ತೆಗೆದು, ಹೆತ್ತೆಗೆ ಕೈಮುಗಿದರು. "ಕೋಟಿನಲ್ಲಿ ತಪ್ಪಿಲ್ಲ ಅಂತ ಹೇಳು. ಸವಾರಿಯಲ್ಲೂ ತಪ್ಪಿಲ್ಲ. ಕುದುರೆ ಮಧ್ಯದಲ್ಲಿ ನಿಂತಿತು, ಅದಕ್ಕೆ."

ನಾನು ಹೇಳಿದೆ. ಹೆತ್ತೆ ಅದು ನ್ಯಾಯ ಎನ್ನುವ ಹಾಗೆ ತಲೆಯಾಡಿಸಿದರು.

"ಸರಿ. ಹಾಗಾದರೆ ನಾನು ಕುದುರೆ ಹತ್ತಿರ ಮಾತಾಡ್ತೀನಿ" ಎಂದು ಮುಂಡು ಎತ್ತಿಕೊಂಡು ಲಾಯದ ಕಡೆ ನಡೆದರು. ಮಂತ್ರಿಯ ಎದುರು ನಿಂತು ಹತ್ತು ನಿಮಿಷ ಮಾತಾಡಿದರು. ಮಂತ್ರಿ ಕತ್ತು ತಗ್ಗಿಸಿಕೊಂಡು ಪೂರ್ತಿ ಕೇಳಿಸಿಕೊಂಡ.